ಬೂದಿಮುದುಕನ ಮಂತ್ರ

ಮಾಸ್ಟರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಅವರ ಕಸುಬು ಹಲ್ಲಿನ ಸೆಟ್ಟು ಮಾಡುವುದು. ದಂತವೈದ್ಯರ ಕ್ಲಿನಿಕ್ಕಿನ ಹಿಂಭಾಗದಲ್ಲಿ, ಕಿಟಕಿಯ ಗಾಜಿಗೆ ಸದಾ ಬಿಳಿ ಪುಡಿ ಹಿಡಿದಿರುವ ಕೋಣೆಯೊಂದರಲ್ಲಿ ಕೂತು, ವೈದ್ಯರು ತೆಗೆದುಕೊಟ್ಟ ಅಚ್ಚಿಗೆ ಪ್ಲಾಸ್ಟರು ಹೊಯ್ಯುತ್ತಿದ್ದರು. ಅದರ ಮೇಲೆ ಮೇಣ ಎಳೆದು, ಹಲ್ಲು ಒಂದೊಂದಾಗಿ ಕೂರಿಸಿ, ತಾವು ಎಂದೂ ಕಂಡಿರದ ಬಾಯಿಗಳಿಗೆ ದವಡೆ ತಯಾರಿಸುತ್ತಿದ್ದರು. ಊರಿನ ಅರ್ಧ ಮುದುಕರು ನಗುವುದು ನಮ್ಮ ಮಾಸ್ಟರ ದಯೆಯಿಂದ ಎಂದು ಅವರ ಭಾವ ಗೇಲಿ ಮಾಡುತ್ತಿದ್ದರು. ಮಾಸ್ಟರು ಎಂಬ ಹೆಸರನ್ನು ಅಂಟಿಸಿದವರೂ ಆ ಭಾವನೇ. ಅದು ಭಾನುವಾರ ಮಧ್ಯಾಹ್ನದ ಆಟದಿಂದ ಬಂದ ಹೆಸರು.

ಆಟ ಎಂದರೆ ಇಸ್ಪೀಟಲ್ಲ, ಕೇರಂ ಅಲ್ಲ. ಮೇಜಿನ ಸುತ್ತ ನಾಲ್ಕು ಜನ ಕೂತು ಬಾಯಲ್ಲೇ ಕಟ್ಟುವ ಕಥೆ. ಮೂವರಿಗೆ ಒಂದೊಂದು ಪಾತ್ರ. ಉಳಿದ ಕಾಡು, ಕೋಟೆ, ರಾಕ್ಷಸರು, ಸಂತೆಯ ಜನ, ಮಳೆ ಗಾಳಿ ಎಲ್ಲ ನಾಲ್ಕನೆಯವರ ಪಾಲಿಗೆ. ಆ ನಾಲ್ಕನೆಯವರೇ ಮಾಸ್ಟರು. ಕಷ್ಟದ ಕೆಲಸಕ್ಕೆ ಯಾರು ಕೈಹಾಕಿದರೂ ಇಪ್ಪತ್ತು ಮುಖದ ದಾಳ ಎಸೆಯಬೇಕು. ಹೆಚ್ಚು ಬಿದ್ದರೆ ಕೆಲಸ ಆಯಿತು, ಕಡಿಮೆ ಬಿದ್ದರೆ ಕೆಟ್ಟಿತು. ದಾಳ ಒಮ್ಮೆ ಹೇಳಿದ ಮೇಲೆ ಮಾಸ್ಟರೂ ತುಟಿ ಪಿಟಕ್ಕೆನ್ನುವ ಹಾಗಿಲ್ಲ. ಇಡೀ ಆಟ ನಿಂತಿರುವುದೇ ಆ ಒಂದು ನಿಯತ್ತಿನ ಮೇಲೆ.

ಈ ಆಟ ಮನೆಗೆ ಬಂದದ್ದು ಭಾವನ ಬಸ್ಸಿನಲ್ಲಿ. ಅಮ್ಮ ತೀರಿಕೊಂಡಾಗ ಮಾಸ್ಟರಿಗಿನ್ನೂ ಮೀಸೆ ಮೂಡಿರಲಿಲ್ಲ, ಅಕ್ಕನ ಮದುವೆಯಾಗಿ ಹೊಸತು. "ಇವನನ್ನ ಎಲ್ಲಿ ಬಿಡ್ಲಿ?" ಎಂದು ಅಕ್ಕ ಅತ್ತಾಗ ಭಾವ, "ಎಲ್ಲೂ ಬಿಡ್ಬೇಡ, ಕರ್ಕೊಂಡು ಬಾ" ಎಂದಿದ್ದರು. ಅಷ್ಟೇ ಮಾತು. ಆಮೇಲೆ ಒಂದು ದಿನಕ್ಕೂ ಆ ಉಪಕಾರವನ್ನು ಎತ್ತಿ ಆಡಿದವರಲ್ಲ. ದೂರದೂರಿಗೆ ಹೋಗುವ ಬಸ್ಸಿನ ಡ್ರೈವರು ಅವರು. ಒಂದು ಸಲ ಸೀಟಿನ ಕೆಳಗೆ ಯಾರೋ ಮರೆತು ಹೋದ ರಟ್ಟಿನ ಪೆಟ್ಟಿಗೆ ಸಿಕ್ಕಿತು. ಡಿಪೋದಲ್ಲಿಟ್ಟು ಕಾದದ್ದಾಯಿತು, ಕೇಳಿಕೊಂಡು ಯಾರೂ ಬರಲಿಲ್ಲ. ಒಳಗೆ ವಿಚಿತ್ರ ಆಕಾರದ ದಾಳಗಳು, ನಕ್ಷೆಗಳು, ಅರ್ಧ ಹರಿದ ನಿಯಮದ ಪುಸ್ತಕ. ಭಾವ ಮತ್ತು ಹುಡುಗ ಇಬ್ಬರೂ ನೆಲದ ಮೇಲೆ ಕವುಚಿ ಮಲಗಿ, ಅರ್ಥವಾದ ನಿಯಮ ಇಟ್ಟುಕೊಂಡು, ಅರ್ಥವಾಗದಲ್ಲಿ ತಮ್ಮದೇ ನಿಯಮ ಹೆಣೆದು ಆಟಕ್ಕೆ ಕೂತರು. ಹುಡುಗ ಬೆಳೆದ, ಕಸುಬು ಕಲಿತ, ದೊಡ್ಡ ರಸ್ತೆಯ ಈಚೆ ಬೇರೆ ಮನೆ ಮಾಡಿದ. ಮದುವೆ ಯಾಕೋ ಕೂಡಿಬರಲಿಲ್ಲ. ಆಟ ಮಾತ್ರ ಬಿಡಲಿಲ್ಲ.

ಮುಂದೆ ಇಬ್ಬರು ಬಂದು ಸೇರಿಕೊಂಡರು. ಆಸ್ಪತ್ರೆಯ ನರ್ಸಮ್ಮ, ಅವರ ಪಾತ್ರ ಕತ್ತಿ ಹಿಡಿದ ಹೆಂಗಸು. ವಾರವೆಲ್ಲ ಗಾಯಕ್ಕೆ ಪಟ್ಟಿ ಕಟ್ಟುವವರಿಗೆ ಭಾನುವಾರವಾದರೂ ಗಾಯ ಮಾಡುವ ಆಸೆ ಇರಬಾರದೆ? ಇನ್ನೊಬ್ಬ ಪ್ಲಂಬರ್, ಅವನ ಪಾತ್ರ ಕಳ್ಳ. ಹೇಳಿದ ದಿನಕ್ಕೆ ಎಂದೂ ಬಾರದ ಪ್ಲಂಬರಿಗೆ ಅದೇನು ಹೊಸ ವೇಷವಲ್ಲ ಎಂದು ನರ್ಸಮ್ಮ ಕೆಣಕುತ್ತಿದ್ದರು. ಭಾವನ ಪಾತ್ರ ಮೊದಲಿನಿಂದಲೂ ಒಬ್ಬ ಮಂತ್ರವಾದಿ. ಬೂದಿ ಬಣ್ಣದ ಗಡ್ಡ, ಬೂದಿ ಬಣ್ಣದ ನಿಲುವಂಗಿ, ಹೆಸರೇ ಬೂದಿಮುದುಕ. ಹಲ್ಲಿನ ಅಚ್ಚಿಗೆ ಕಲಸಿ ಉಳಿದ ಪ್ಲಾಸ್ಟರಿನಲ್ಲಿ ಮಾಸ್ಟರು ಅವನ ಹೆಬ್ಬೆರಳುದ್ದದ ಗೊಂಬೆ ಮಾಡಿಕೊಟ್ಟಿದ್ದರು.

ಇಂಥ ಆಟವನ್ನು ಹಾಳು ಮಾಡುವುದು ಹೆಚ್ಚಾಗಿ ಮಂತ್ರವೇ. ಕತ್ತಿ ಒಂದು ಸಲಕ್ಕೆ ಒಬ್ಬನನ್ನು ಕಡಿಯುತ್ತದೆ, ಕಳ್ಳ ಒಂದು ಸಲಕ್ಕೆ ಒಂದು ಬೀಗ ತೆಗೆಯುತ್ತಾನೆ. ಮಂತ್ರಕ್ಕೆ ಆ ಮಿತಿ ಇಲ್ಲ. ಅದಕ್ಕೆ ಕೊಂಚ ಸಲುಗೆ ಕೊಟ್ಟರೂ ಸಾಕು, ಉಳಿದವರೆಲ್ಲ ಕೈಕಟ್ಟಿ ಕೂರಬೇಕಾಗುತ್ತದೆ. ಅದನ್ನು ಹದ್ದುಬಸ್ತಿನಲ್ಲಿಡುವುದರಲ್ಲಿ ನಮ್ಮ ಮಾಸ್ಟರದು ಎತ್ತಿದ ಕೈ. ಕೊಟ್ಟ ಮಂತ್ರವನ್ನು ಕಿತ್ತುಕೊಳ್ಳುತ್ತಿರಲಿಲ್ಲ, "ಅದು ನಡೆಯಲ್ಲ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಲೂ ಇರಲಿಲ್ಲ. ಬೂದಿಮುದುಕ ಹಾರುವುದನ್ನು ಕಲಿತಾಗ, ಕಣಿವೆಯ ಈಚೆ ಕಾಲು ಮುರಿದ ಮುದುಕಿಯೊಬ್ಬಳನ್ನು ಕೂರಿಸಿದರು. ಅವಳನ್ನು ಹೊತ್ತು ಹಾರುವ ಶಕ್ತಿ ಅವನಿಗಿಲ್ಲ, ಬಿಟ್ಟು ಹಾರುವ ಮನಸ್ಸು ಭಾವನಿಗಿಲ್ಲ. ಕೊನೆಗೆ ಮೂವರೂ ಸರದಿಯ ಮೇಲೆ ಅವಳನ್ನು ಹೊತ್ತು ನಡೆದೇ ಕಣಿವೆ ಇಳಿದರು. ಬೆಂಕಿಯ ಮಂತ್ರ ಸಿಕ್ಕಾಗ ಕಾಳಗವನ್ನು ಹತ್ತಿಯ ಗೋದಾಮಿನೊಳಗೆ ತಂದಿಟ್ಟರು. ಪರರ ಮನಸ್ಸು ಓದುವ ಮಂತ್ರ ಬಂದ ವಾರ, ಗೂಢಚಾರನಿಗೇ ತಾನು ಏನು ಹೊತ್ತು ತಂದಿದ್ದೇನೆಂದು ಗೊತ್ತಿಲ್ಲದ ಹಾಗೆ ಕಥೆ ಹೆಣೆದರು. ಭಾವ ಮೇಜು ಗುದ್ದಿ, "ಎಲಾ ಇವನ! ತಿಂದದ್ದು ನನ್ನ ಮನೆ ಅನ್ನ, ಕೊಡೋದು ನನಗೇ ಏಟು!" ಎಂದು ಕೂಗುತ್ತಿದ್ದರು. ಆ ಕೂಗಿನಲ್ಲಿ ಎಂಥ ಖುಷಿ ಇರುತ್ತಿತ್ತೆಂದರೆ, ಅದನ್ನು ಕೇಳಲಿಕ್ಕಾಗಿಯೇ ಮಾಸ್ಟರು ವಾರವಿಡೀ ಪ್ಲಾಸ್ಟರು ಕಲಸುತ್ತ ತಲೆ ಓಡಿಸುತ್ತಿದ್ದರು.

ಇವರಿಬ್ಬರೂ ನೆಲದ ಮೇಲೆ ಕವುಚಿ ಮಲಗಿ ಮಾಡಿದ್ದ ನಿಯಮಗಳಲ್ಲಿ ಒಂದು ಹೀಗಿತ್ತು: ಮಂತ್ರ ಹಾಕುವಾಗ ದಾಳದಲ್ಲಿ ಇಪ್ಪತ್ತು ಬಿದ್ದರೆ ಆ ಮಂತ್ರ ಒಂದು ಮೆಟ್ಟಿಲು ಬೆಳೆಯುತ್ತದೆ, ಬೆಳೆದದ್ದು ಇಳಿಯುವುದಿಲ್ಲ. ಇಪ್ಪತ್ತು ಬೀಳುವುದು ಅಪರೂಪ, ಹಾಗಾಗಿ ವರ್ಷಗಟ್ಟಲೆ ಆ ನಿಯಮದಿಂದ ತೊಂದರೆಯೇನೂ ಆಗಿರಲಿಲ್ಲ.

ಆಮೇಲೆ ಭಾವನ ಕಣ್ಣು ಕೈಕೊಟ್ಟಿತು. ಮೊದಲು ಬದಿಯಿಂದ ಬರುವ ಗಾಡಿ ಕಾಣದಾಯಿತು. ಕನ್ನಡಿ ಸರಿಯಿಲ್ಲ ಎಂದು ಮೆಕ್ಯಾನಿಕ್ಕಿನ ಮೇಲೆ ಎಗರಾಡಿದರು. ಒಂದು ದಿನ ನಿಲ್ದಾಣದಲ್ಲಿ ಬಸ್ಸು ತಿರುಗಿಸುವಾಗ ಕಂಬಕ್ಕೆ ಉಜ್ಜಿದರು. ಆ ಕಂಬದ ಪಕ್ಕದಲ್ಲೇ ಒಬ್ಬ ಹೆಂಗಸು ನಿಂತಿದ್ದಳು. ಅವಳಿಗೇನೂ ಆಗಲಿಲ್ಲ. ಭಾವ ಮಾತ್ರ ಇಳಿದು ಬಂದು ಅವಳ ಮುಂದೆ ಕೈಮುಗಿದು ನಿಂತರು. ಬಸ್ಸಿನ ಕೀಲಿಯನ್ನು ಡಿಪೋ ಮ್ಯಾನೇಜರ ಮೇಜಿನ ಮೇಲಿಟ್ಟು, ಯಾರೂ ಕೇಳುವ ಮೊದಲೇ, "ಇನ್ನು ನಾನು ಓಡಿಸಲ್ಲ ಸಾರ್" ಎಂದರು. ಒಳಗೊಳಗೇ ಏರಿದ ಒತ್ತಡ ಕಣ್ಣಿನ ನರವನ್ನು ತಿಂದುಹಾಕಿದೆ, ಹೋದ ದೃಷ್ಟಿ ಹೋದ ಹಾಗೇ ಎಂದರು ಆಸ್ಪತ್ರೆಯಲ್ಲಿ. ಬಲಗಣ್ಣು ಪೂರ್ತಿ ಹೋಯಿತು. ಎಡಗಣ್ಣಿನಲ್ಲಿ ಕೊಳವೆಯೊಳಗಿಂದ ನೋಡಿದಷ್ಟು ಉಳಿಯಿತು.

ಮನೆಯಲ್ಲಿ ಭಾವ ಮಾತು ನಿಲ್ಲಿಸಿಬಿಟ್ಟರು. ಅಕ್ಕ ತಮ್ಮನ ಬಳಿ ಬಂದು, "ಊಟಕ್ಕೆ ಕರೆದ್ರೆ ಬರ್ತಾರೆ, ಮಲಗಿ ಅಂದ್ರೆ ಮಲಗ್ತಾರೆ. ಅಷ್ಟೇ ಕಣೋ. ಭಾನುವಾರ ನಿನ್ನ ಮನೆಗೆ ಹೊರಡೋವಾಗ ಮಾತ್ರ ತಾವೇ ಚಪ್ಪಲಿ ಹುಡುಕ್ಕೋತಾರೆ" ಎಂದು ಕಣ್ಣೊರೆಸಿಕೊಂಡಳು. ಹೋಗುವ ಮುಂಚೆ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದಳು: "ಅಲ್ಲೊಂದು ಕಡೆ ಆದ್ರೂ ಅವರು ಸೋಲೋದು ಬೇಡ ಕಣೋ."

ಅದು ಹೆಂಡತಿಯೊಬ್ಬಳು ಕೇಳಬಹುದಾದ ಮಾತು. ಕೇಳಿಸಿಕೊಂಡು ಸುಮ್ಮನಿರಬೇಕಾದವರು ಮಾಸ್ಟರು. ಮುಂದಿನ ಭಾನುವಾರ ಬೂದಿಮುದುಕ ಮುಳುಗುತ್ತಿದ್ದ ದೋಣಿಯೊಂದನ್ನು ಮಂತ್ರದಿಂದ ಎತ್ತಲು ಹೊರಟ. ಭಾವ ದಾಳ ಎಸೆದರು. ಮೇಜಿನ ಮೇಲೆ ಮೂಗು ಉಜ್ಜುವಷ್ಟು ಬಾಗಿದರು, ತಲೆ ಆಚೆ ಈಚೆ ತಿರುಗಿಸಿದರು, ಕೊನೆಗೆ ಸೋತು, "ಎಷ್ಟು ಬಿತ್ತು?" ಎಂದು ಕೇಳಿದರು. ಆ ಮನುಷ್ಯ ಜೀವಮಾನದಲ್ಲಿ ಯಾರ ಬಳಿಯೂ ಅಷ್ಟು ಸಣ್ಣ ದನಿಯಲ್ಲಿ ಏನನ್ನೂ ಕೇಳಿದವರಲ್ಲ. ಬಿದ್ದದ್ದು ಮೂರು. ಮಾಸ್ಟರು, "ಹದಿನೇಳು" ಎಂದರು.

ನರ್ಸಮ್ಮ ತಲೆಯೆತ್ತಿ ನೋಡಿದರು. ಪ್ಲಂಬರ್ ಉಗುರು ನೋಡಿಕೊಂಡ. ಭಾವನ ಮುಖ ಅರಳಿತು, ದೋಣಿ ಮೇಲೆದ್ದಿತು. ಆ ಅರಳಿದ ಮುಖ ನೋಡಿ ಮೂವರಿಗೂ ಹೊಟ್ಟೆ ತಣ್ಣಗಾಯಿತು.

ಅಲ್ಲಿಂದ ಅದು ಅಭ್ಯಾಸವಾಯಿತು. ಕಾಣದ ಕಣ್ಣಿಗೆ ಮಣ್ಣೆರಚುವುದಕ್ಕೆ ದೊಡ್ಡ ಜಾಣತನವೇನೂ ಬೇಡ. ಐದು ಬಿದ್ದರೆ ಹದಿನೈದು, ಎರಡು ಬಿದ್ದರೆ ಹನ್ನೆರಡು. ಭಾವ ಬೇಸರದಲ್ಲಿ ಬಂದ ದಿನ, ಅಕ್ಕ ಬಾಗಿಲಿಗೊರಗಿ ನೋಡುತ್ತಿದ್ದ ದಿನ, ಇಪ್ಪತ್ತು. ಇಪ್ಪತ್ತು ಎಂದಾಗಲೆಲ್ಲ ನಿಯಮದ ಪ್ರಕಾರ ಮಂತ್ರ ಬೆಳೆಯಿತು. ವರ್ಷ ತುಂಬುವುದರೊಳಗೆ ಬೂದಿಮುದುಕ ಬೆರಳು ಚಿಟಿಕೆ ಹೊಡೆದರೆ ಕೋಟೆ ಕುಸಿಯುತ್ತಿತ್ತು, ಗೋಡೆಗಳು ದಾರಿ ಬಿಡುತ್ತಿದ್ದವು, ಸೈನ್ಯ ನಿಂತಲ್ಲೇ ನಿದ್ದೆ ಹೋಗುತ್ತಿತ್ತು. ಸತ್ತವರು ಎದ್ದು ಕೂತು ದಾರಿ ಹೇಳುತ್ತಿದ್ದರು.

"ನಮಗೇನು ಕೆಲಸ ಮಾಸ್ಟ್ರೇ, ಚಪ್ಪಾಳೆ ತಟ್ಟೋದಾ?" ಎಂದು ನರ್ಸಮ್ಮ ಭಾವ ಹೋದ ಮೇಲೆ ಕೇಳಿದರು. "ನನ್ನ ಕತ್ತಿ ಒರೆಯಿಂದ ಹೊರಗೆ ಬಂದು ಎಷ್ಟು ಕಾಲವಾಯ್ತು ಹೇಳಿ. ಡ್ರೈವರಣ್ಣನ ಮೇಲೆ ನನಗೂ ಕರುಣೆ ಇದೆ. ಆದ್ರೆ ಇದು ಆಟ ಅಲ್ಲ, ರೋಗಿಗೆ ಸಮಾಧಾನ ಹೇಳೋದು. ಅದನ್ನ ನಾನು ವಾರ ಪೂರ್ತಿ ಮಾಡ್ತೀನಿ."

ಪ್ಲಂಬರ್ ಅಷ್ಟೂ ಹೇಳಲಿಲ್ಲ. ಒಂದು ಭಾನುವಾರ ಎಲ್ಲೋ ಪೈಪು ಒಡೆದಿದೆ ಎಂದ, ಇನ್ನೊಂದು ಭಾನುವಾರ ಟ್ಯಾಂಕು. ಆ ಊರಿನ ನಲ್ಲಿಗಳೆಲ್ಲ ಭಾನುವಾರವೇ ಯಾಕೆ ಕೆಡುತ್ತಿದ್ದವೋ.

ಮಾಸ್ಟರು ತಮ್ಮ ಹಳೆಯ ವಿದ್ಯೆಯನ್ನೆಲ್ಲ ಹೊರಗೆ ತೆಗೆದರು. ಮಂತ್ರ ಸತ್ತುಹೋಗುವ ಗುಹೆಯೊಂದನ್ನು ತಂದರು. ಗುಹೆಯನ್ನೇ ಒಡೆದು ಹಾಕುತ್ತೇನೆಂದು ಭಾವ ದಾಳ ಎಸೆದರು, ನಾಲ್ಕು ಬಿತ್ತು, ಮಾಸ್ಟರ ಬಾಯಿಂದ ಹತ್ತೊಂಬತ್ತು ಎಂದು ಬಂತು, ಗುಹೆ ಪುಡಿಯಾಯಿತು. ಸರಿಸಮನಾದ ವೈರಿ ಮಂತ್ರವಾದಿಯೊಬ್ಬನನ್ನು ತಂದರು. ಎರಡು ವಾರ ಊಟ ನಿದ್ದೆ ಬಿಟ್ಟು ಕೂತು ಹೆಣೆದ ವೈರಿ, ಮೊದಲ ಏಟಿಗೇ ಬೂದಿಯಾದ. ಮಂತ್ರಕ್ಕೆ ಬೆಲೆ ಕಟ್ಟಿ ನೋಡಿದರು: ಒಂದು ಸಲ ಹಾಕಿದರೆ ಮುದುಕನ ಒಂದು ನೆನಪು ಅಳಿಸಿಹೋಗುತ್ತದೆ ಎಂದರು. ಮರೆಯದಿರಲು ದಾಳ ಎಸೆಯಬಹುದೇ ಎಂದು ಭಾವ ಕೇಳಿದರು. ಎಸೆಯಬಹುದು ಎನ್ನದೆ ವಿಧಿಯಿರಲಿಲ್ಲ. ಅವರಿಗೆ ಗೊತ್ತಿದ್ದ ಒಂದೊಂದು ಉಪಾಯವೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ದಾಳದ ಮುಂದೆ, ಆ ದಾಳವನ್ನು ಓದಬೇಕಾದವರು ಅವರೇ. ಮಂತ್ರ ಅತಿಯಾದದ್ದು ಬೂದಿಮುದುಕನಿಂದಲ್ಲ, ತನ್ನ ನಾಲಿಗೆಯಿಂದ ಎಂದು ಮಾಸ್ಟರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಆ ನಾಲಿಗೆ ಹಿಡಿತಕ್ಕೆ ಬರಲಿಲ್ಲ.

ಇನ್ನೊಂದು ಮಾತು ಹೇಳಲೇಬೇಕು, ಯಾಕೆಂದರೆ ಇದಕ್ಕೆ ನೆಪ ಹೇಳುವ ಹಾಗಿಲ್ಲ. ಮಾಸ್ಟರ ಕೈಯಲ್ಲಿ ಪ್ಲಾಸ್ಟರಿತ್ತು, ಮೇಣವಿತ್ತು, ಒಸಡಿನ ಬಣ್ಣದ ಗಟ್ಟಿ ಅಂಟೂ ಇತ್ತು. ಬೆರಳಿಗೆ ತಿಳಿಯುವ ಉಬ್ಬು ಚುಕ್ಕಿಗಳ ದಾಳವೊಂದನ್ನು ಒಂದು ಮಧ್ಯಾಹ್ನದಲ್ಲಿ ಮಾಡಿಬಿಡಬಹುದಿತ್ತು. ಆ ಯೋಚನೆ ಅವರಿಗೆ ಹೊಳೆಯದೆ ಇರಲಿಲ್ಲ. ಕೆಲಸದ ಮೇಜಿನಲ್ಲಿ ಕೂತಾಗ ಹೊಳೆದದ್ದುಂಟು, ಮೇಣದ ಉಂಡೆಯನ್ನು ಕೈಗೆ ತೆಗೆದುಕೊಂಡದ್ದೂ ಉಂಟು. ಅಂಥ ದಾಳ ಭಾವನ ಕೈಗೆ ಹೋದರೆ ಮೂರು ಬಿದ್ದದ್ದು ಮೂರೇ ಆಗುತ್ತದೆ. ಮಾಸ್ಟರು ಮೇಣದ ಉಂಡೆಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು.

ಇಷ್ಟರಲ್ಲೇ ನಿಂತಿದ್ದರೆ ಒಂದು ಆಟ ಕೆಟ್ಟಿತು ಎಂದು ಕೈತೊಳೆದುಕೊಳ್ಳಬಹುದಿತ್ತು. ಒಂದು ದಿನ ಅಕ್ಕನಿಗೆ ಮೈ ಸರಿಯಿಲ್ಲವೆಂದು ಭಾವನನ್ನು ಕಣ್ಣಿನ ಆಸ್ಪತ್ರೆಗೆ ಮಾಸ್ಟರೇ ಕರೆದೊಯ್ದರು. ಭಾವನ ಕಣ್ಣಿಗೆ ಔಷಧಿ ಹಾಕಿ ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು. ಒಳಗೆ ಡಾಕ್ಟರು ಮಾಸ್ಟರಿಗೆ, "ಎಡಗಣ್ಣೂ ಉಳಿಯಲ್ಲ. ಬೇಗನೇ ಹೋಗುತ್ತೆ. ಇವರಿಗೆ ಈಗ್ಲೇ ಹೇಳ್ಬಿಡಿ. ಸ್ವಲ್ಪ ಕಾಣ್ತಿರೋವಾಗ್ಲೇ ಕೋಲು ಹಿಡಿದು ನಡೆಯೋದು ಕಲೀಲಿ. ಪೂರ್ತಿ ಕತ್ತಲಾದ ಮೇಲೆ ಕಲಿಯೋದು ಬಹಳ ಕಷ್ಟ" ಎಂದರು. ಮಾಸ್ಟರು ಹೊರಗೆ ಬಂದರು. ಭಾವ ಮುಖವೆತ್ತಿ, "ಏನಂದ್ರು?" ಎಂದರು. ದಾಳ ಕೇಳುವಾಗಿನ ದನಿಯೇ. ವರ್ಷದಿಂದ ಪಳಗಿದ ನಾಲಿಗೆ ತಾನಾಗಿ ಹೊರಳಿತು: "ಎಡಗಣ್ಣು ಹೀಗೇ ಉಳ್ಕೊಳ್ಳುತ್ತಂತೆ ಭಾವ. ಹೆದರ್ಬೇಡಿ."

ಅಕ್ಕನಿಗೆ ಮಾತ್ರ ನಿಜ ಹೇಳಿದರು. ಅವಳು ಗೋಡೆಗೆ ತಲೆ ಒತ್ತಿಕೊಂಡು ಕೂತಿದ್ದು, ಕೊನೆಗೆ, "ಈಗ ಹೇಳ್ಬೇಡ. ಆಮೇಲೆ ನೋಡೋಣ" ಎಂದಳು. ಆಮೇಲೆ ಎನ್ನುವುದು ಬರಲೇ ಇಲ್ಲ. ಕುರುಡರ ತರಬೇತಿ ಕೇಂದ್ರಕ್ಕೆ ಸೇರೋಣ ಎಂದು ಅವಳು ಸುತ್ತಿ ಬಳಸಿ ಹೇಳಿದಾಗಲೆಲ್ಲ ಭಾವ, "ಒಂದು ಕಣ್ಣಿದೆಯಲ್ಲ, ನನಗ್ಯಾಕೆ ಅದು?" ಎಂದು ತಳ್ಳಿಹಾಕಿದರು. ಮಳೆಗಾಲ ಕಳೆಯುವುದರೊಳಗೆ ಆ ಕೊಳವೆಯೂ ಮುಚ್ಚಿತು. ಸ್ನಾನದ ಮನೆಗೆ ಹೋಗಲು ಕೂಡ ಗೋಡೆ ಸವರುವ ಸ್ಥಿತಿಯಲ್ಲಿ, ಬೇರೆ ದಾರಿಯಿಲ್ಲದೆ, ಕೊನೆಗೂ ಕೇಂದ್ರಕ್ಕೆ ಸೇರಿದರು. ಮಂಡಿ ತರಚಿಕೊಂಡು ಬರುತ್ತಿದ್ದರು, ಹಣೆ ಊದಿಸಿಕೊಂಡು ಬರುತ್ತಿದ್ದರು.

ಅದಾಗಿ ಒಂದು ಭಾನುವಾರ. ಅಪರೂಪಕ್ಕೆ ಪ್ಲಂಬರನೂ ಬಂದಿದ್ದ. ಅಕ್ಕ ಎಂದಿನಂತೆ ಬಾಗಿಲ ಬಳಿ ಸ್ಟೂಲು ಹಾಕಿಕೊಂಡಿದ್ದಳು. ಭಾವ ಅಂಗಿಯ ಜೇಬಿನಿಂದ ಒಂದು ದಾಳ ತೆಗೆದು, "ಕೇಂದ್ರದಲ್ಲಿ ಒಬ್ರು ಟೆಲಿಫೋನ್ ಆಪರೇಟರ್ ಇದಾರೆ, ಅವರು ಕೊಟ್ರು. ಇವತ್ತು ಇದ್ರಲ್ಲೇ ಆಡ್ತೀನಿ" ಎಂದರು. ಬಿಳಿಯ ದಾಳ, ಕಪ್ಪು ಅಂಕಿ. ಯಾರೂ ಹೆಚ್ಚು ಗಮನ ಕೊಡಲಿಲ್ಲ. ಹಲ್ಲಿನ ಸೆಟ್ಟಿನಲ್ಲಿ ಕೂದಲೆಳೆಯಷ್ಟು ಉಬ್ಬಿದ್ದರೂ ಬೆರಳಿಟ್ಟು ತೋರಿಸುವ ಮಾಸ್ಟರು ಕೂಡ ಅದನ್ನು ಸರಿಯಾಗಿ ನೋಡಲಿಲ್ಲ.

ಆ ದಿನದ ಕಥೆಯಲ್ಲಿ ಬೂದಿಮುದುಕ ಕಾಡಿನ ನಡುವಿನ ಮರದ ಸೇತುವೆಯ ಮೇಲಿದ್ದ, ಎದುರಿಗೆ ತೋಳಗಳ ಹಿಂಡು. ಭಾವ ದಾಳ ತುಂಬಿಡುವ ಡಬ್ಬಿಯ ಮುಚ್ಚಳದೊಳಗೆ ದಾಳ ಎಸೆದರು. ಎಲ್ಲಿ ಬಿತ್ತೆಂದು ತಡಕಾಡುವವರ ಹಾಗೆ ಕೈಯಾಡಿಸಿ, ಅದರ ಮೇಲೆ ಹೆಬ್ಬೆರಳಿಟ್ಟು, ತೆಗೆದು, "ಎಷ್ಟು?" ಎಂದರು.

"ಹದಿನೆಂಟು" ಎಂದರು ಮಾಸ್ಟರು. ಮುಚ್ಚಳದಲ್ಲಿದ್ದದ್ದು ನಾಲ್ಕು.

ಭಾವ ತಲೆಯಾಡಿಸಿದರು. ತೋಳಗಳು ಹಿಂದೆ ಸರಿದವು. ಮತ್ತೆ ಎಸೆದರು, ಮತ್ತೆ ಮುಚ್ಚಳದಲ್ಲಿ ಕೈಯಾಡಿಸಿದರು. ಏಳು ಬಿದ್ದಿತ್ತು, ಹದಿನಾರು ಎಂದು ಕೇಳಿಸಿಕೊಂಡರು. ಇನ್ನೂ ಒಂದು ಸಲ. ಎರಡು, ಹದಿನೈದಾಯಿತು. ಭಾವ ಯಾವತ್ತಿನಂತೆ ಕೂಗಲೂ ಇಲ್ಲ, ನಗಲೂ ಇಲ್ಲ. ಮತ್ತೆ ಎಸೆದರು. ಈ ಸಲ ನಿಜವಾಗಿಯೂ ಇಪ್ಪತ್ತು ಬಿತ್ತು. ಮಾಸ್ಟರಿಗೆ ತಡೆಯಲಾರದಷ್ಟು ಸಂತೋಷವಾಗಿ, "ಇಪ್ಪತ್ತು ಭಾವ, ಇಪ್ಪತ್ತು!" ಎಂದು ಕುರ್ಚಿಯಿಂದ ಎದ್ದೇಬಿಟ್ಟರು.

ಭಾವನ ಹೆಬ್ಬೆರಳು ಇನ್ನೂ ದಾಳದ ಮೇಲಿತ್ತು. "ಇದೊಂದು ನಿಜ ಹೇಳಿದೆ ಮಾಸ್ಟ್ರೇ" ಎಂದರು.

ಭಾವ ದಾಳವನ್ನು ಮಾಸ್ಟರ ಕಡೆ ಚಾಚಿದರು. ಮಾಸ್ಟರು ಬೆರಳಿಟ್ಟರು. ಪ್ರತಿ ಮುಖದ ಮೇಲೂ ಅಂಕಿಯ ಪಕ್ಕದಲ್ಲಿ ಬಿಳಿಯ ಮೇಲೆ ಬಿಳಿಯಾಗಿ ಸಣ್ಣ ಸಣ್ಣ ಉಬ್ಬು ಚುಕ್ಕಿಗಳು.

"ನಾಲ್ಕು, ಏಳು, ಎರಡು. ಯಾವತ್ತಿಂದ ಹೀಗೆ?" ಭಾವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ವಾಸಿ.

ನಿಜ ಹೇಳಲು ಮಾಸ್ಟರಿಗೆ ಆ ದೇವರು ಕೊಟ್ಟ ಒಂದೇ ಒಂದು ಗಳಿಗೆ ಅದು. "ಇವತ್ತು... ಇವತ್ತೇ ಭಾವ. ನಿಮಗೆ ಬೇಜಾರಾಗಬಾರದು ಅಂತ..."

"ನೋಡು" ಎಂದರು ಭಾವ ಮೆಲ್ಲಗೆ, "ಇದನ್ನೂ ದಾಳದ ಹಾಗೇ ನೀನೇ ಓದಿ ಹೇಳ್ತಿದೀಯ."

ಅಕ್ಕ ಸ್ಟೂಲಿನಿಂದ ಎದ್ದಳು. ಭಾವ ಆ ಸದ್ದಿನ ಕಡೆ ತಿರುಗಲಿಲ್ಲ. "ಒಂದು ಕೇಳ್ತೀನಿ. ಎಡಗಣ್ಣು ಉಳಿಯುತ್ತೆ ಅಂತ ಡಾಕ್ಟ್ರು ಅಂದಿದ್ರು ಅಂದ್ಯಲ್ಲ. ಆ ಡಾಕ್ಟ್ರನ್ನ ನಾನು ಬಾಯಿಗೆ ಬಂದ ಹಾಗೆ ಬೈಕೊಂಡು ಓಡಾಡ್ದೆ. ಬಿದ್ದಾಗೆಲ್ಲ ಬೈದೆ. ಅವರು ನಿಜವಾಗ್ಲೂ ಹಾಗಂದ್ರಾ?"

ಮಾಸ್ಟರು ಅಕ್ಕನ ಮುಖ ನೋಡಿದರು. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಹೊರಗೆ ಯಾರೋ ಸೈಕಲ್ಲಿನ ಬೆಲ್ಲು ಹೊಡೆದುಕೊಂಡು ಹೋದರು.

"ಸರಿ" ಎಂದರು ಭಾವ. ಅಂಗೈಯಿಂದ ಎರಡೂ ಕಣ್ಣು ಉಜ್ಜಿಕೊಂಡರು. "ಆಟ ಮುಗಿಸೋಣ. ಮುದುಕನ ಹತ್ರ ಇರೋ ಮಂತ್ರ ಎಲ್ಲ ತೆಗೆದುಹಾಕು. ಅದು ಯಾವುದೂ ಅವನು ದುಡಿದದ್ದಲ್ಲ. ಮೊದಲ ದಿನದಿಂದ ದೀಪ ಹಚ್ಚೋ ಮಂತ್ರ ಒಂದಿತ್ತಲ್ಲ, ಅದೊಂದು ಇರಲಿ. ತೋಳಗಳು ಬರ್ಲಿ."

"ಭಾವ, ಬೇಡ..."

"ಬರ್ಲಿ ಅಂದೆ."

ತೋಳಗಳು ಬಂದವು. ಮಾಸ್ಟರು ಹೇಗೆ ಹೇಳಿದರೋ, ದನಿ ಎಲ್ಲಿಂದ ಬಂತೋ. ಭಾವ ದೀಪ ಹಚ್ಚಲು ದಾಳ ಎಸೆದು, ತಾವೇ ಸವರಿ, "ಐದು" ಎಂದರು. ದೀಪ ಹತ್ತಲಿಲ್ಲ. ಓಡಲು ಎಸೆದರು. "ಎರಡು." ಸೇತುವೆಯ ಹಲಗೆಯಲ್ಲಿ ಕಾಲು ಸಿಕ್ಕಿಕೊಂಡಿತು. ನರ್ಸಮ್ಮ ಎಷ್ಟೋ ಕಾಲದ ಮೇಲೆ ಕತ್ತಿ ಹಿರಿದು, "ನಾನು ಅಡ್ಡ ಬರ್ತೀನಿ" ಎಂದು ತಮ್ಮ ದಾಳ ಎಸೆದರು.

"ಇದ್ದದ್ದೇ ಓದಿ ನರ್ಸಮ್ಮ" ಎಂದರು ಭಾವ.

ನರ್ಸಮ್ಮನ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. "ಆರು ಡ್ರೈವರಣ್ಣ" ಎಂದರು. ಕತ್ತಿ ತೋಳಕ್ಕೆ ತಾಗಲಿಲ್ಲ.

ಇನ್ನು ಹೇಳಬೇಕಾದವರು ಮಾಸ್ಟರು. ಭಾವ ಕಾದರು. "ಹೇಳು. ಅದು ನಿನ್ನ ಕೆಲಸ."

"ಬೂದಿಮುದುಕ ಸತ್ತ."

ಭಾವ ಕುರ್ಚಿಗೆ ಒರಗಿದರು. ಇಷ್ಟು ಕಾಲದಲ್ಲಿ ಯಾವ ಇಪ್ಪತ್ತಿಗೂ ಮೂಡದಿದ್ದ ಒಂದು ನಿರಾಳ ಆ ಮುಖದ ಮೇಲೆ ಮೂಡಿತು. ಮಾಸ್ಟರಿಗೆ ಎಲ್ಲಕ್ಕಿಂತ ಹೆಚ್ಚು ಸಂಕಟ ಕೊಟ್ಟದ್ದು ಅದೇ. ಬಿದ್ದದ್ದನ್ನು ಬಿದ್ದ ಹಾಗೇ ಹೇಳಲಿ ಎಂದು ಇಷ್ಟನ್ನೇ ಭಾವ ಬೇಡುತ್ತಿದ್ದದ್ದು, ಇದನ್ನು ಕೊಡುವುದು ನೀರು ಕುಡಿದಷ್ಟು ಸುಲಭವಿತ್ತು. ಭಾವ ಎದ್ದು, ಕೋಲು ಸರಿಪಡಿಸಿಕೊಂಡು, "ನರ್ಸಮ್ಮ, ನೀವು ಆ ಕಡೆಗೇ ಹೋಗೋದಲ್ವಾ, ನನ್ನ ಮನೆ ತನಕ ಬಿಡ್ತೀರಾ?" ಎಂದರು. ಅಕ್ಕ ಹಿಂದಿನಿಂದ ಚಪ್ಪಲಿ ಹಾಕಿಕೊಂಡು ಓಡಿದಳು. ಪ್ಲಂಬರ್ ಯಾರಿಗೂ ಏನೂ ಹೇಳದೆ ದಾಳಗಳನ್ನು ಡಬ್ಬಿಗೆ ತುಂಬಿಟ್ಟು ಹೋದ.

ಅಲ್ಲಿಂದ ಮುಂದೆ ಭಾನುವಾರಗಳು ಬಂದವು, ಯಾರೂ ಬರಲಿಲ್ಲ. ಮಾಸ್ಟರು ಅಕ್ಕನ ಮನೆಗೆ ಹೋದರೆ ಭಾವ ಬಾ ಎನ್ನುತ್ತಿದ್ದರು, ಕೂರು ಎನ್ನುತ್ತಿದ್ದರು, ಊಟ ಮಾಡಿಕೊಂಡು ಹೋಗು ಎನ್ನುತ್ತಿದ್ದರು. ಬಿಟ್ಟ ಮಾತು ಒಂದೂ ಇಲ್ಲ, ಆದರೆ ಏನನ್ನೂ ಕೇಳುತ್ತಿರಲಿಲ್ಲ. ಮಳೆ ನಿಂತಿತೇ ಎಂದು ತಿಳಿಯಲು ಕಿಟಕಿಯಾಚೆ ಕೈ ಚಾಚುತ್ತಿದ್ದರು. ಹಾಲು ಕುದಿಯಿತೇ ಎಂದು ಅಕ್ಕನ ಮಾತಿಗೆ ಕಾಯದೆ ಒಲೆಯ ಬಳಿ ಹೋಗಿ ಕಿವಿಗೊಡುತ್ತಿದ್ದರು. "ಅಂಗಿ ಯಾವ ಬಣ್ಣ ಅಂತ ಕೂಡ ನನ್ನನ್ನ ಕೇಳಲ್ಲ ಕಣೋ" ಎಂದು ಅಕ್ಕ ಅಡುಗೆಮನೆಯಲ್ಲಿ ಪಿಸುಗುಟ್ಟಿದಳು. ತಮ್ಮನನ್ನು ಅವಳು ಬೈಯಲಿಲ್ಲ. ಬೈಯುವ ಹಕ್ಕು ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕ್ಷಮಿಸಿ ಎಂದು ಕೇಳಲು ಮಾಸ್ಟರು ಎಷ್ಟೋ ಸಲ ಬಾಯಿ ತೆರೆದು ಮುಚ್ಚಿದರು. ತಾನು ಮನಸಾರೆ ಹೇಳುತ್ತಿದ್ದೇನೆಂದು ಭಾವ ನಂಬುವುದಾದರೂ ಹೇಗೆ? ಅದಕ್ಕೂ ಇವರ ಬಾಯಿಮಾತೇ ಸಾಕ್ಷಿ.

ಒಂದು ಬೆಳಿಗ್ಗೆ ಮಾಸ್ಟರು ಕ್ಲಿನಿಕ್ಕಿಗೆ ಹೊರಟಿದ್ದರು. ದೊಡ್ಡ ರಸ್ತೆಯ ಅಂಚಿನಲ್ಲಿ ಭಾವ ನಿಂತಿದ್ದರು, ಒಬ್ಬರೇ. ಬಿಳಿಯ ಕೋಲಿನ ತುದಿ ಕಾಲುದಾರಿಯ ಕಲ್ಲಿಗೆ ತಾಗಿತ್ತು. ಹಣೆಯ ಮೇಲೆ ಹೊಸ ಪಟ್ಟಿ. ಮಾಸ್ಟರು ಓಡಿ ಹತ್ತಿರ ಹೋಗಿ, ಎರಡೂ ಕಡೆ ನೋಡಿದರು. ಈ ತುದಿಯಿಂದ ಆ ತುದಿಯ ತನಕ ಒಂದು ಗಾಡಿಯೂ ಇರಲಿಲ್ಲ.

"ಭಾವ, ನಾನು. ಗಾಡಿ ಒಂದೂ ಇಲ್ಲ, ಬನ್ನಿ ದಾಟೋಣ" ಎಂದು ತೋಳು ಮುಂದೆ ಮಾಡಿದರು.

ಭಾವ, "ನೀನಾ? ತಿಂಡಿ ಆಯ್ತಾ?" ಎಂದು ಪ್ರೀತಿಯಿಂದಲೇ ಕೇಳಿದರು. ಹೆಜ್ಜೆ ಮಾತ್ರ ಕದಲಲಿಲ್ಲ. ರಸ್ತೆ ಖಾಲಿಯಾಗಿಯೇ ಇತ್ತು. ಮಾಸ್ಟರು ಇನ್ನೊಮ್ಮೆ, "ನಿಜವಾಗ್ಲೂ ಇಲ್ಲ ಭಾವ" ಎಂದರು. ಭಾವ ತಲೆ ಓರೆ ಮಾಡಿ ಬೇರೆ ಯಾವುದಕ್ಕೋ ಕಿವಿಗೊಟ್ಟಿದ್ದರು. ಹಿಂದಿನಿಂದ ಕೈಚೀಲ ಹಿಡಿದ ಗಂಡಸೊಬ್ಬ ನಡೆದು ಬರುತ್ತಿದ್ದ, ಇಬ್ಬರಿಗೂ ಗುರುತಿಲ್ಲದವನು.

"ಯಾರ್ರೀ ಅದು, ಒಂದು ನಿಮಿಷ" ಎಂದರು ಭಾವ. "ರಸ್ತೆ ಖಾಲಿ ಇದೆಯಾ, ಸ್ವಲ್ಪ ನೋಡಿ ಹೇಳ್ತೀರಾ?"

ಆತ ಪಕ್ಕದಲ್ಲೇ ತೋಳು ಚಾಚಿ ನಿಂತಿದ್ದ ಮಾಸ್ಟರನ್ನು ನೋಡಿ ಗಲಿಬಿಲಿಗೊಂಡ. ಆಮೇಲೆ ಎರಡೂ ಕಡೆ ನೋಡಿ, "ಖಾಲಿ ಇದೆ, ಬನ್ನಿ" ಎಂದ.

ಭಾವ ಅವನ ಹೆಗಲ ಮೇಲೆ ಕೈಯಿಟ್ಟು ರಸ್ತೆ ದಾಟಿದರು.